ಅಮೆರಿಕದಲ್ಲಿ ಬಂದೂಕು ಕೊಟ್ಟು ಬದಲಿಗೆ ಬೇರೆ ವಸ್ತು ತಗೊಳ್ಳಬಹುದಾ? ಇದಕ್ಕೆ ಯಾಕಿಷ್ಟು ಜಗಳ?
ತಗೊಳ್ಳಬಹುದು. ಆದರೆ 'ದುಡ್ಡೇ ತಗೊಂಡಿಲ್ಲ, ಇದು ಮಾರಾಟ ಹೇಗಾಗುತ್ತೆ' ಅನ್ನೋ ವಾದ ನಡೆಯಲ್ಲ. ಬೇರೆ ರಾಜ್ಯದವನಿಗೆ ಖಾಸಗಿಯಾಗಿ ಬಂದೂಕು ದಾಟಿಸಬಾರದು ಅನ್ನುವ ಒಕ್ಕೂಟ ಕಾನೂನು (ಇಡೀ ದೇಶಕ್ಕೆ ಅನ್ವಯಿಸುವ ಕಾನೂನು) ಮಾರುವುದು, ಅದಲುಬದಲು ಮಾಡುವುದು, ಸುಮ್ನೆ ಕೊಡುವುದು ಮೂರನ್ನೂ ಹೆಸರು ಹಿಡಿದೇ ಹೇಳುತ್ತದೆ.

ಜಗಳ ಇರುವುದು ಒಂದೇ ರಾಜ್ಯದೊಳಗಿನ ವ್ಯವಹಾರದಲ್ಲಿ. ಒಬ್ಬ ಹಳೇ ರೈಫಲ್ ಕೊಟ್ಟು ದೋಣಿಯ ಮೋಟರ್ ತಗೊಳ್ತಾನೆ ಅಂದುಕೊಳ್ಳಿ. ಲೈಸೆನ್ಸ್ ಇರುವ ಬಂದೂಕು ಅಂಗಡಿಯ ಮೂಲಕವಾದರೆ ರೈಫಲ್ ತಗೊಳ್ಳುವವನು 4473 ಅನ್ನೋ ಫಾರ್ಮಿನಲ್ಲಿ ತನ್ನ ವಿವರ ತುಂಬಬೇಕು, 1998ರಲ್ಲಿ ಶುರುವಾದ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಅವನ ಹಿನ್ನೆಲೆ ತಪಾಸಣೆ ಆಗಬೇಕು. ಮನೆ ಅಂಗಳದಲ್ಲಾದರೆ ಒಕ್ಕೂಟ ಕಾನೂನಿನ ಪ್ರಕಾರ ಇದ್ಯಾವುದೂ ಬೇಕಿಲ್ಲ. ಎದುರಿನವನು ಬಂದೂಕು ಇಟ್ಟುಕೊಳ್ಳುವಂತಿಲ್ಲ ಅಂತ ಗೊತ್ತಿದ್ದೂ, ಅಥವಾ ಹಾಗನ್ನಿಸಲು ಸರಿಯಾದ ಕಾರಣವಿದ್ದೂ ಕೊಟ್ಟರೆ ಅಪರಾಧ. ಗೊತ್ತಿಲ್ಲದಿದ್ದರೆ? ಅಲ್ಲೇ ಇರುವುದು ತೂತು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಇದನ್ನು ಮುಚ್ಚಿವೆ, ಅಲ್ಲಿ ಖಾಸಗಿ ವ್ಯವಹಾರವೂ ಸಾಮಾನ್ಯವಾಗಿ ಡೀಲರ್ ಮೂಲಕವೇ ಆಗಬೇಕು.

ಖಾಸಗಿ ವ್ಯವಹಾರಕ್ಕೂ ತಪಾಸಣೆ ಬೇಕು ಅನ್ನುವುದನ್ನು ವಿರೋಧಿಸುವವರು ಕೇಳುವುದು: ಕಳ್ಳ ಯಾವತ್ತು ಫಾರ್ಮ್ ತುಂಬಿದ್ದ? ತೊಂದರೆಯೆಲ್ಲ ನೆಟ್ಟಗಿರೋರಿಗೆ ತಾನೇ? ಮಾತಲ್ಲಿ ಹುರುಳಿಲ್ಲ ಅಂತಲ್ಲ. ಆದರೂ ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಅಪರಿಚಿತನ ಮುಖ ನೋಡಿ ಅವನ ಹಿನ್ನೆಲೆ ಹೇಳೋಕಾಗಲ್ಲ ಅಲ್ವಾ?

ಇನ್ನೊಂದು ತಮಾಷೆ. ಮಾದಕ ವಸ್ತುವಿಗಾಗಿ ಬಂದೂಕು ಕೊಡುವುದೂ ಅಪರಾಧದಲ್ಲಿ ಬಂದೂಕಿನ 'ಬಳಕೆ'ಯೇ ಅಂತ 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2007ರಲ್ಲಿ, ಮಾದಕ ವಸ್ತು ಕೊಟ್ಟು ಬಂದೂಕು ಪಡೆದವನು ಅದನ್ನು 'ಬಳಸಿದ' ಹಾಗಾಗಲ್ಲ ಅಂದಿತು. ಒಂದೇ ವಿನಿಮಯ, ಕೊಟ್ಟವನಿಗೊಂದು ಅರ್ಥ, ತಗೊಂಡವನಿಗೊಂದು!