ಹೆಬ್ಬಾತಿನ ಕುತ್ತಿಗೆಗೆ ಪಟ್ಟಿ ಹಾಕುವುದು ಸರಿಯೇ?

ಪ್ರಶ್ನೆ: ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಕುತ್ತಿಗೆಗೆ ಅಕ್ಷರಗಳಿರುವ ಪ್ಲಾಸ್ಟಿಕ್ ಪಟ್ಟಿ ಹಾಕಿದ್ದ ಪಟ್ಟೆತಲೆ ಹೆಬ್ಬಾತು ಕಂಡೆವು. ಕಾಡುಹಕ್ಕಿಯನ್ನು ಹಿಡಿದು ಹೀಗೆ ಮಾಡುವುದು ಹಿಂಸೆಯಲ್ಲವೇ? ನಮ್ಮ ಗುಂಪಿನ ಕೆಲವರು ತಾವೂ ಬಲೆ ತಂದು ಊರ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ಹಾಕೋಣ ಎನ್ನುತ್ತಿದ್ದಾರೆ. ಹಾಕಬಹುದೇ?

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ. ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ, ಹಿಡಿಯಲು ಯತ್ನಿಸುವುದೂ ಬೇಟೆಯೇ. ಸಂಶೋಧನೆಯಂಥ ಕೆಲಸಕ್ಕೆಂದು ಅನುಮತಿ ಪಡೆದವರಿಗೆ ವಿನಾಯಿತಿ ಉಂಟು.

ಇನ್ನು ಹಿಂಸೆಯ ಮಾತು. ಬಿಟ್ಟುಬಿಡುತ್ತೇವೆಂದು ಹಕ್ಕಿಗೇನು ಗೊತ್ತು? ಅದರ ಪಾಲಿಗೆ ಕೈ ಹಾಕಿದವರೆಲ್ಲ ಕೊಲ್ಲಲು ಬಂದವರೇ. ಹಾಗಾಗಿ ಕೇಳಬೇಕಾದ್ದು, ಹಿಡಿಯದೆ ತಿಳಿಯಲಾಗದ ಸಂಗತಿ ಯಾವುದು, ಹಿಡಿಯುವ ಕೈ ಎಷ್ಟು ಪಳಗಿದೆ ಎಂದು.

ಹಕ್ಕಿಯ ಕಣ್ಣಿಗೆ ಕಾಣದಷ್ಟು ತೆಳು ನೂಲಿನ ಬಲೆಯಾದ ಮಿಸ್ಟ್ ನೆಟ್ಟನ್ನೇ ನೋಡಿ. ಚಿಕ್ಕ ಹಕ್ಕಿಗಳಿಗೆ ಸಾಮಾನ್ಯವಾಗಿ 16 ಮಿ.ಮೀ. ಕಣ್ಣಿನ ಬಲೆ. ಹಕ್ಕಿ ಬಡಿದು ಕೆಳಗಿನ ಜೋಲಿನಲ್ಲಿ ಬೀಳುತ್ತದೆ, ಒದ್ದಾಡಿದಷ್ಟೂ ಸುತ್ತಿಕೊಳ್ಳುತ್ತದೆ. ಯಾವ ಬದಿಯಿಂದ ಹೊಕ್ಕಿತೋ ಆ ಬದಿಯಿಂದಲೇ ಬಿಡಿಸಬೇಕು. ಅವಸರಕ್ಕೆ ಎಳೆದರೆ ರೆಕ್ಕೆಯ ಕೀಲು ಹೋಗುತ್ತದೆ. ನಾಲಿಗೆಯ ಹಿಂಬದಿಯ ಮುಳ್ಳಿಗೆ ದಾರ ಸಿಕ್ಕಿದ್ದು ಹೊಸಬರ ಕಣ್ಣಿಗೆ ಬೀಳುವುದೇ ಇಲ್ಲ. 20ರಿಂದ 30 ನಿಮಿಷಕ್ಕೊಮ್ಮೆ ಬಲೆ ನೋಡಬೇಕು, ಬಿಸಿಲೇರಿದರೆ ಇನ್ನೂ ಬೇಗ. ಮಳೆ, ಜೋರು ಗಾಳಿ ಬಂದರೆ ಸುತ್ತಿಡಬೇಕು. ಕೈಯಲ್ಲಿರುವ ಹಕ್ಕಿ ಬಾಯ್ದೆರೆದು ಏದುಸಿರು ಬಿಟ್ಟರೆ ಅಥವಾ ಕಣ್ಣು ಮುಚ್ಚತೊಡಗಿದರೆ ಅಳತೆ, ತೂಕ ಎಲ್ಲ ಬಿಟ್ಟು ಬಿಡುಗಡೆ.

ಉಂಗುರದ ಎರಡು ತುದಿ ಒಂದಕ್ಕೊಂದು ತಾಕಿ ಸರಿಯಾಗಿ ಕೂಡಬೇಕು. ನಡುವೆ ಸಂದಿ ಉಳಿದರೆ ಹುಲ್ಲು, ನೂಲು ಸಿಕ್ಕಿಕೊಳ್ಳುತ್ತದೆ. ಒಂದರ ಮೇಲೊಂದು ಹತ್ತಿದರೆ ಅಂಚು ಕಾಲನ್ನು ಕೊರೆಯುತ್ತದೆ. ಸಡಿಲವಾದದ್ದು ಜಾರಿ ಕೀಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಪಳಗಿದವರ ಕೈಯಲ್ಲೂ ಅಪಾಯ ಸೊನ್ನೆಯಲ್ಲ. ಹಕ್ಕಿಗಳಿಗೆ ಉಂಗುರ ಹಾಕುವ ಅಮೆರಿಕ, ಕೆನಡಾದ 22 ಸಂಸ್ಥೆಗಳ ದಾಖಲೆ ಜಾಲಾಡಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಡಿದ ಹಕ್ಕಿಗಳ ಪೈಕಿ ಗಾಯ ಶೇ 0.59, ಸಾವು ಶೇ 0.23. ಇದು ಬಲೆಯ ಲೆಕ್ಕ ಮಾತ್ರ, ಬಿಟ್ಟಮೇಲಿನದ್ದು ಬೇರೆ. ರಾಜ ಪೆಂಗ್ವಿನ್‌ಗಳ ರೆಕ್ಕೆಗೆ ಲೋಹದ ಪಟ್ಟಿ ಹಾಕಿ ಹತ್ತು ವರ್ಷ ನೋಡಿದವರು 2011ರಲ್ಲಿ ಹೇಳಿದ್ದು: ಪಟ್ಟಿ ಹಾಕಿದವುಗಳಿಗೆ ಮರಿಗಳು ಶೇ 39 ಕಡಿಮೆ, ಬದುಕುಳಿದವು ಶೇ 16 ಕಡಿಮೆ. ಪಟ್ಟಿಯಿಂದ ಈಜಲು ತ್ರಾಸ. ಗುರುತೇ ಹಕ್ಕಿಯ ಬದುಕನ್ನು ಬದಲಿಸಿದರೆ ಆ ಮಾಹಿತಿಗೂ ಬೆಲೆಯಿಲ್ಲ.

ನೀವು ಕಂಡ ಹೆಬ್ಬಾತಿನ ವಿಷಯದಲ್ಲಿ ನಮ್ಮ ಒಲವು ಪಟ್ಟಿಯ ಕಡೆಗೇ. ಮಂಗೋಲಿಯಾದಲ್ಲಿ ಪಟ್ಟಿ ತೊಟ್ಟವು ಕರ್ನಾಟಕದ ಕೆರೆಗಳಲ್ಲಿ ಕಂಡ ದಾಖಲೆಗಳಿವೆ. ಅಲ್ಲಿ ಗರಿ ಉದುರಿ ಹಾರಲಾಗದ ಬೇಸಿಗೆಯಲ್ಲಿ ಹಿಡಿಯುತ್ತಾರೆ. ಲೋಹದ ಕಾಲುಂಗುರದ (ಮದುವೆಯದಲ್ಲ!) ಸಣ್ಣ ಅಂಕಿ ಓದಲು ಹೆಚ್ಚಾಗಿ ಹಕ್ಕಿ ಮತ್ತೆ ಕೈಗೆ ಸಿಗಬೇಕು, ಇಲ್ಲವೇ ಸಾಯಬೇಕು. ಕುತ್ತಿಗೆಯ ಪಟ್ಟಿಯನ್ನು ದಡದಿಂದಲೇ ದೂರದರ್ಶಕದಲ್ಲಿ ಓದಬಹುದು. ಒಮ್ಮೆ ಹಿಡಿದದ್ದು ವರ್ಷಗಟ್ಟಲೆ ಫಲ ಕೊಡುತ್ತದೆ. ಕಡುಚಳಿಯಲ್ಲಿ ಪಟ್ಟಿಗೆ ಮಂಜುಗಡ್ಡೆ ಕಟ್ಟುವ ತೊಂದರೆ ಇದೆ, ಅದನ್ನು ಮುಚ್ಚಿಡಬಾರದು.

ಓದುವವರಿಲ್ಲದಿದ್ದರೆ ಹಕ್ಕಿ ಪಟ್ಟ ಪಾಡು ದಂಡ. ನಿಮ್ಮ ಗುಂಪಿಗೆ ಕೆಲಸ ಅಲ್ಲಿದೆ. ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಸಂಕೇತ, ಕಾಲಿನಲ್ಲಿ ಉಂಗುರವಿದ್ದರೆ ಎಡವೋ ಬಲವೋ, ದಿನಾಂಕ, ಕೆರೆಯ ಹೆಸರು ಬರೆದು ಫೋಟೊ ಸಹಿತ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಅಕ್ಷರ ಕಾಣಲಿಲ್ಲವೆಂದು ಹಿಂಡನ್ನು ಎಬ್ಬಿಸಬೇಡಿ, ಮೇಯಲು ತಿರುಗಿದಾಗ ತಾನಾಗಿ ಕಾಣುತ್ತದೆ. ಸತ್ತ ಹಕ್ಕಿಯ ಉಂಗುರ ಕಂಡರೆ ಬರಿಗೈಯಲ್ಲಿ ಮುಟ್ಟದೆ, ಹಕ್ಕಿಜ್ವರದ ಭಯವಿರುವುದರಿಂದ, ಅಂಕಿಯ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ.