ಓದುಗರ ಪ್ರಶ್ನೆಗೆ ಉತ್ತರ: ಪಾರ್ಸೆಲ್ ಗಾಡಿಯ ಡೀಸೆಲ್ ಎಲ್ಲಿ ಸೋರುತ್ತದೆ?

ಪ್ರಶ್ನೆ: ನನ್ನ ಮೂರು ಪಿಕಪ್ ಗಾಡಿಗಳು ಊರೊಳಗೆ ಪಾರ್ಸೆಲ್ ಹಂಚುವ ಕೆಲಸಕ್ಕೆ ಓಡುತ್ತಿವೆ. ಬೆಳಗಾವಿ ಹೆದ್ದಾರಿಯಲ್ಲಿ ಲೀಟರಿಗೆ 14 ಕಿ.ಮೀ. ಕೊಡುವ ಗಾಡಿ ಊರೊಳಗೆ 9 ದಾಟುವುದಿಲ್ಲ. ಮೆಕ್ಯಾನಿಕ್ ಎಲ್ಲವನ್ನೂ ನೋಡಿ ದೋಷವೇನೂ ಇಲ್ಲವೆಂದಿದ್ದಾರೆ. ಡೀಸೆಲ್‌ಗೆ ಬೆರೆಸುವ ದ್ರಾವಣಗಳಿಂದ ಮೈಲೇಜು ಹೆಚ್ಚುವುದೇ? (ಒಬ್ಬ ಓದುಗರು, ಹುಬ್ಬಳ್ಳಿ)

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜವಿರಬೇಕು. ಹೆದ್ದಾರಿಯಲ್ಲಿ ಸರಿಯಾಗಿ ಓಡುವ ಎಂಜಿನ್ ಊರೊಳಗೆ ಬಂದ ಕೂಡಲೇ ಕೆಡುವುದಿಲ್ಲ. ಬದಲಾಗುವುದು ಗಾಡಿ ಮಾಡುವ ಕೆಲಸ. ಪಾರ್ಸೆಲ್ ಗಾಡಿಯ ಕೆಲಸವೆಂದರೆ ಹೊರಡುವುದು, ನಿಲ್ಲುವುದು, ಮತ್ತೆ ಹೊರಡುವುದು. ಪ್ರತಿ ಸಲ ಹೊರಡುವಾಗ ಎಂಜಿನ್ ಡೀಸೆಲ್ ಸುಟ್ಟು ಗಾಡಿಗೆ ವೇಗ ಕೊಡುತ್ತದೆ. ಮುಂದಿನ ಮನೆಯೆದುರು ಬ್ರೇಕ್ ಒತ್ತಿದಾಗ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ.

ಇದನ್ನು ಲೆಕ್ಕ ಹಾಕಿ ನೋಡಬಹುದು. ಲೋಡು ಸೇರಿ 3 ಟನ್ ತೂಗುವ ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 185 ಕಿಲೋಜೌಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36,000 ಕಿಲೋಜೌಲ್ ಶಕ್ತಿಯಿದ್ದರೂ ಊರೊಳಗಿನ ಓಟದಲ್ಲಿ ಅದರ ಕಾಲು ಭಾಗದಷ್ಟು ಮಾತ್ರ ಚಕ್ರಗಳನ್ನು ತಲುಪುತ್ತದೆ ಎಂದಿಟ್ಟುಕೊಂಡರೆ, ಪ್ರತಿ ನಿಲುಗಡೆಯಲ್ಲಿ ಸುಮಾರು 20 ಮಿಲಿಲೀಟರ್ ಡೀಸೆಲ್ ಬ್ರೇಕಿನ ಪಾಲಾಗುತ್ತದೆ. ದಿನಕ್ಕೆ 100 ಸಲ ನಿಂತರೆ 2 ಲೀಟರ್ ಆಯಿತು. ಆದರೆ ಚಲನಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಎರಡು ಮನೆಗಳ ನಡುವೆ 40ರ ಬದಲು 30ರ ವೇಗಕ್ಕೆ ತೃಪ್ತಿಪಟ್ಟರೆ ಅದೇ ನಿಲುಗಡೆಗೆ 12 ಮಿಲಿಲೀಟರಿಗಿಂತ ಕಡಿಮೆ ಸಾಕು. ಇನ್ನೂರು ಮೀಟರ್ ದೂರದ ಮುಂದಿನ ಮನೆಗೆ ಆಕ್ಸಿಲರೇಟರ್ ತುಳಿದು ಹೋಗುವುದರಿಂದ ಉಳಿಯುವುದು ಕೆಲವು ಸೆಕೆಂಡುಗಳು ಮಾತ್ರ. ನಿಮ್ಮ ಚಾಲಕರಿಗೆ ಮೊದಲು ಹೇಳಬೇಕಾದ ಮಾತು ಇದು. ಮುಂದೆ ನಿಲ್ಲಬೇಕಾದ ಜಾಗ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗಾಡಿ ತನ್ನಷ್ಟಕ್ಕೆ ನಿಧಾನವಾದ ಮೇಲೆ ಬ್ರೇಕ್ ಮುಟ್ಟುವ ರೂಢಿಯನ್ನೂ ಅವರಿಗೆ ಹೇಳಿಕೊಡಿ.

ಎರಡನೆಯ ಸೋರಿಕೆ, ನಿಂತ ಗಾಡಿಯ ಎಂಜಿನ್. ಚಾಲಕರು ಎಂಜಿನ್ ಆರಿಸದೆ ಪಾರ್ಸೆಲ್ ಹಿಡಿದು ಮಹಡಿ ಹತ್ತಿ, ಸಹಿ ಮಾಡಿಸಿಕೊಂಡು, ಹಣ ಎಣಿಸಿ ಬರುವುದನ್ನು ಯಾವ ಬಡಾವಣೆಯಲ್ಲಾದರೂ ಕಾಣಬಹುದು. ಮನೆಗೆ 2 ನಿಮಿಷವೆಂದು ಹಿಡಿದರೂ 90 ಮನೆಗಳಿಗೆ 3 ಗಂಟೆ. ಇಂಥ ಸಣ್ಣ ಡೀಸೆಲ್ ಎಂಜಿನ್ ಸುಮ್ಮನೆ ನಿಂತಲ್ಲಿ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ, ಎ.ಸಿ. ಹಾಕಿದ್ದರೆ ಇನ್ನೂ ಹೆಚ್ಚು. ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಡೀಸೆಲ್ ಹೆಚ್ಚು ಹೋಗುತ್ತದೆಂಬ ನಂಬಿಕೆ ಹಳೆಯದು. ಬಿಸಿಯಾದ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಬೇಕಾಗುವ ಇಂಧನ ಕೆಲವು ಸೆಕೆಂಡು ನಿಂತಲ್ಲಿ ಸುಡುವಷ್ಟು ಮಾತ್ರ. ಬ್ಯಾಟರಿ ಮತ್ತು ಸ್ಟಾರ್ಟರ್ ಮೋಟರಿನ ಮೇಲೆ ಹೊರೆ ಬೀಳುವುದು ನಿಜವಾದ್ದರಿಂದ ಬ್ಯಾಟರಿಯ ತುದಿಗಳನ್ನು ಶುಚಿಯಾಗಿಟ್ಟು, ಹಳೆಯ ಬ್ಯಾಟರಿಯನ್ನು ಸಕಾಲದಲ್ಲಿ ಬದಲಿಸಬೇಕು. ಆ ಖರ್ಚನ್ನು ಕಳೆದರೂ ಲಾಭ ನಿಮ್ಮದೇ.

ಮೂರನೆಯದು ಲೋಡು ಜೋಡಿಸುವ ಕ್ರಮ. ಕೊನೆಗೆ ಕೊಡಬೇಕಾದ ಪೆಟ್ಟಿಗೆ ಮೊದಲು ಒಳಗೆ ಹೋಗಬೇಕು, ಮೊದಲು ಕೊಡಬೇಕಾದದ್ದು ಬಾಗಿಲ ಬಳಿ ಇರಬೇಕು. ‘ಗಣಪತಿ ಗುಡಿಯ ಹಿಂದೆ, ನೀರಿನ ಟ್ಯಾಂಕ್ ಹತ್ತಿರ’ ಎಂಬಂಥ ವಿಳಾಸಗಳನ್ನು ಗೋದಾಮಿನಲ್ಲೇ ಫೋನ್ ಮಾಡಿ ಖಚಿತಪಡಿಸಿಕೊಂಡರೆ ಓಣಿ ಓಣಿ ಅಲೆಯುವ ಡೀಸೆಲ್ ಉಳಿಯುತ್ತದೆ. ಮನೆಯಲ್ಲಿ ಯಾರೂ ಇಲ್ಲದೆ ಮರಳಿ ತರುವ ಪಾರ್ಸೆಲ್‌ನಷ್ಟು ದುಬಾರಿಯಾದದ್ದು ಈ ವ್ಯಾಪಾರದಲ್ಲಿ ಇನ್ನೊಂದಿಲ್ಲ, ಏಕೆಂದರೆ ಅದೇ ದಾರಿಯನ್ನು ನಾಳೆ ಮತ್ತೆ ಸವೆಸಬೇಕು.

ಟಯರಿನ ಗಾಳಿಯನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಟಯರು ತಣ್ಣಗಿರುವಾಗ ನೋಡಿಸಿ. ಎಲ್ಲ ಟಯರುಗಳಲ್ಲಿ 10 ಪೌಂಡ್ ಕಡಿಮೆಯಿದ್ದರೆ ಮೈಲೇಜು ಸುಮಾರು ನೂರಕ್ಕೆ ಎರಡರಷ್ಟು ಇಳಿಯುತ್ತದೆ. ಇನ್ನು ದ್ರಾವಣಗಳ ವಿಷಯ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆ ಎನ್ನುವ ನೂರಕ್ಕೂ ಹೆಚ್ಚು ಸಾಧನ ಮತ್ತು ದ್ರಾವಣಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಪ್ರಯೋಜನ ಅವುಗಳಲ್ಲಿ ಕಾಣಲಿಲ್ಲ. ಆ ಹಣವನ್ನು ಏರ್ ಫಿಲ್ಟರಿಗೂ ಬ್ಯಾಟರಿಗೂ ಖರ್ಚು ಮಾಡಿ.

ಪ್ರಶ್ನೆ: ಅಮೆರಿಕದ ಒಂದು ಕೊರಿಯರ್ ಕಂಪನಿಯ ಗಾಡಿಗಳು ಎಡಕ್ಕೆ ತಿರುಗುವುದೇ ಇಲ್ಲವಂತೆ. ಇದು ನಿಜವೇ? ಬೆಂಗಳೂರಿನಲ್ಲಿ ಇದನ್ನು ಅನುಸರಿಸಬಹುದೇ? (ಒಬ್ಬ ಓದುಗರು, ರಾಜಾಜಿನಗರ)

ಉತ್ತರ: 1907ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾದ ಯುಪಿಎಸ್ ಕಂಪನಿಯ ಬಗ್ಗೆ ನೀವು ಕೇಳಿರಬೇಕು. ಎಡಕ್ಕೆ ತಿರುಗುವುದೇ ಇಲ್ಲವೆಂಬುದು ಉತ್ಪ್ರೇಕ್ಷೆ. ಸಾಧ್ಯವಾದಷ್ಟು ಕಡಿಮೆ ಎಡ ತಿರುವುಗಳಿರುವಂತೆ ದಾರಿಯನ್ನು ಯೋಜಿಸುತ್ತಾರೆ ಎಂಬುದು ನಿಜ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಭಾಗದಲ್ಲಿ ಚಲಿಸುವುದರಿಂದ ಎಡಕ್ಕೆ ತಿರುಗುವವರು ಎದುರಿನ ವಾಹನಗಳು ಖಾಲಿಯಾಗುವವರೆಗೆ ಎಂಜಿನ್ ಚಾಲೂ ಇಟ್ಟು ಕಾಯಬೇಕಾಗುತ್ತದೆ, ಅಪಘಾತದ ಸಂಭವವೂ ಅಲ್ಲಿ ಹೆಚ್ಚು. ನಮ್ಮಲ್ಲಿ ವಾಹನಗಳು ಎಡಭಾಗದಲ್ಲಿ ಚಲಿಸುವುದರಿಂದ ತಪ್ಪಿಸಬೇಕಾದದ್ದು ಬಲ ತಿರುವುಗಳನ್ನು.

ಆದರೆ ಆ ಕಂಪನಿಯ ಉಳಿತಾಯ ತಿರುವಿನಿಂದಲೇ ಬಂದದ್ದಲ್ಲ. 2010ರ ದಶಕದಲ್ಲಿ ಅದು ‘ಓರಿಯನ್’ ಎಂಬ ತಂತ್ರಾಂಶವನ್ನು ಹಂತಹಂತವಾಗಿ ಜಾರಿಗೆ ತಂದಿತು. ಪ್ರತಿಯೊಬ್ಬ ಚಾಲಕರ ಆ ದಿನದ ವಿಳಾಸಗಳನ್ನೂ ಗ್ರಾಹಕರಿಗೆ ಮಾತು ಕೊಟ್ಟ ಸಮಯವನ್ನೂ ಗಮನಿಸಿ, ಯಾವ ಕ್ರಮದಲ್ಲಿ ಹೋದರೆ ದೂರ ಕಡಿಮೆಯೆಂದು ಅದು ಹೇಳುತ್ತದೆ. ಇದರಿಂದ ವರ್ಷಕ್ಕೆ 10 ಕೋಟಿ ಮೈಲಿ, ಅಂದರೆ ಸುಮಾರು 16 ಕೋಟಿ ಕಿ.ಮೀ. ಓಟವೂ 1 ಕೋಟಿ ಗ್ಯಾಲನ್, ಅಂದರೆ ಸುಮಾರು 3.8 ಕೋಟಿ ಲೀಟರ್ ಇಂಧನವೂ ಉಳಿಯುತ್ತದೆಂದು ಕಂಪನಿ ಹೇಳಿಕೊಂಡಿದೆ. ಒಬ್ಬೊಬ್ಬ ಚಾಲಕರಿಗೆ ದಿನಕ್ಕೆ ಉಳಿಯುವುದು ಕೆಲವೇ ಮೈಲಿ. ಹತ್ತಾರು ಸಾವಿರ ಗಾಡಿಗಳಿದ್ದಾಗ ಅದೇ ದೊಡ್ಡ ಮೊತ್ತವಾಗುತ್ತದೆ.

ಬೆಂಗಳೂರಿನಲ್ಲಿ ಈ ನಿಯಮವನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಒನ್‌ವೇಗಳೂ ಉದ್ದದ ರಸ್ತೆ ವಿಭಜಕಗಳೂ ಇರುವ ಊರಿನಲ್ಲಿ ಒಂದು ಬಲ ತಿರುವನ್ನು ತಪ್ಪಿಸಲು ಒಂದೂವರೆ ಕಿಲೋಮೀಟರ್ ಸುತ್ತಬೇಕಾದೀತು. ದೊಡ್ಡ ರಸ್ತೆಗಳಲ್ಲಿ ಹೋಗುವಾಗ ಎಡಬದಿಯ ಮನೆ ಅಂಗಡಿಗಳನ್ನೆಲ್ಲ ಮುಗಿಸಿ, ಬರುವಾಗ ಇನ್ನೊಂದು ಬದಿಯನ್ನು ಮುಗಿಸುವುದು ಇಲ್ಲಿಗೆ ಒಗ್ಗುವ ಕ್ರಮ. ಬಡಾವಣೆಯ ಅಡ್ಡರಸ್ತೆಗಳಲ್ಲಿ ತಿರುವಿನ ಚಿಂತೆ ಬೇಡ.

ಪ್ರಶ್ನೆ: ಬ್ರೇಕ್ ಹಾಕಿದಾಗ ನಷ್ಟವಾಗುವ ಶಕ್ತಿಯನ್ನು ಬ್ಯಾಟರಿಯಿಲ್ಲದೆ ಕೂಡಿಡಲು ಸಾಧ್ಯವೇ? (ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಸಾಧ್ಯ, ಮಾಡಿಯೂ ತೋರಿಸಿದ್ದಾರೆ. 2006ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಈಟನ್, ಯುಪಿಎಸ್ ಮೊದಲಾದ ಕಂಪನಿಗಳೊಂದಿಗೆ ಸೇರಿ ಪಾರ್ಸೆಲ್ ಗಾಡಿಯೊಂದಕ್ಕೆ ಹೈಡ್ರಾಲಿಕ್ ಹೈಬ್ರಿಡ್ ವ್ಯವಸ್ಥೆಯನ್ನು ಅಳವಡಿಸಿತು. ಬ್ರೇಕ್ ಒತ್ತಿದಾಗ ಚಕ್ರಗಳೇ ಒಂದು ಪಂಪನ್ನು ತಿರುಗಿಸಿ, ನೈಟ್ರೋಜನ್ ಅನಿಲ ತುಂಬಿದ ಗಟ್ಟಿ ಸಿಲಿಂಡರಿನೊಳಕ್ಕೆ ತೈಲವನ್ನು ದೂಡುತ್ತವೆ. ಅನಿಲವು ಸ್ಪ್ರಿಂಗಿನಂತೆ ಅದುಮಿಕೊಳ್ಳುತ್ತದೆ. ಹೊರಡುವಾಗ ಅದೇ ಅನಿಲ ತೈಲವನ್ನು ಹಿಂದಕ್ಕೆ ತಳ್ಳಿ ಚಕ್ರಗಳನ್ನು ತಿರುಗಿಸುತ್ತದೆ. ಎಂಜಿನ್ನಿಗೂ ಚಕ್ರಗಳಿಗೂ ನೇರ ಸಂಪರ್ಕವಿಲ್ಲದ್ದರಿಂದ ಬೇಡವಾದಾಗ ಎಂಜಿನ್ ಆರಿಯೇ ಇರಬಹುದು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಮೈಲೇಜು ಶೇ. 60ರಿಂದ 70ರಷ್ಟು ಹೆಚ್ಚಿತೆಂದು ಆ ಸಂಸ್ಥೆ ಪ್ರಕಟಿಸಿತು.

ಈ ಸಿಲಿಂಡರಿನಲ್ಲಿ ಹಿಡಿಯುವ ಶಕ್ತಿ ಬಹಳ ಕಡಿಮೆ, ಆದರೆ ಅದನ್ನು ತುಂಬುವುದೂ ಖಾಲಿ ಮಾಡುವುದೂ ಅತಿ ವೇಗವಾಗಿ ಆಗುತ್ತದೆ. ಒಂದು ನಿಲುಗಡೆಯ ಶಕ್ತಿಯನ್ನು ಮುಂದಿನ ಹೊರಡುವಿಕೆಗೆ ಮಾತ್ರ ಕೊಂಡೊಯ್ಯಬೇಕಾದ ಪಾರ್ಸೆಲ್ ಗಾಡಿಗೂ ಕಸದ ಲಾರಿಗೂ ಇದು ಹೇಳಿ ಮಾಡಿಸಿದಂತಿದೆ. ನಿಲ್ಲದೆ ಓಡುವ ದೂರದ ಲಾರಿಗೆ ಪ್ರಯೋಜನವಿಲ್ಲ. ಇಷ್ಟಾದರೂ ಇದು ಹರಡದಿರಲು ತೂಕ ಮತ್ತು ಬೆಲೆಯ ಜೊತೆಗೆ ಅಗ್ಗವಾಗುತ್ತ ಬಂದ ಬ್ಯಾಟರಿಯೂ ಕಾರಣವೆಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ 2022ರಲ್ಲಿ ಬಂದ ಟಾಟಾ ಏಸ್ ಇವಿಯಂಥ ಗಾಡಿಗಳು ಬ್ರೇಕಿನ ಶಕ್ತಿಯನ್ನು ಮೋಟರಿನ ಮೂಲಕವೇ ಬ್ಯಾಟರಿಗೆ ಮರಳಿಸುತ್ತವೆ, ನಿಂತಾಗ ಮೋಟರು ತಿರುಗುವುದೇ ಇಲ್ಲ. ಅಂದರೆ ಹುಬ್ಬಳ್ಳಿಯ ಓದುಗರಿಗೆ ಹೇಳಿದ ಮೊದಲ ಎರಡು ಸೋರಿಕೆಗಳನ್ನೂ ಅವು ಬಹುಮಟ್ಟಿಗೆ ಮುಚ್ಚುತ್ತವೆ.

ಪ್ರಶ್ನೆ: ಶಿರಾಡಿ ಘಾಟಿ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಡೀಸೆಲ್ ಉಳಿಯುತ್ತದೆಂದು ನಮ್ಮ ಚಾಲಕ ಹೇಳುತ್ತಾನೆ. ಸರಿಯೇ? (ಒಬ್ಬ ಓದುಗರು, ಸಕಲೇಶಪುರ)

ಉತ್ತರ: ಸರಿಯಲ್ಲ, ಮತ್ತು ಅಪಾಯಕರ. ಇಂದಿನ ಡೀಸೆಲ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರೈಕೆಯೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಇಟ್ಟುಕೊಳ್ಳಲು ಡೀಸೆಲ್ ಸುಡಲೇಬೇಕು. ಜೊತೆಗೆ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಲೋಡಿನ ಭಾರವನ್ನು ಬ್ರೇಕ್ ಒಂದೇ ತಡೆಯಬೇಕಾಗುತ್ತದೆ, ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯದೇ ಹೋಗಬಹುದು. ಎಂಜಿನ್ ಆರಿಸಿ ಇಳಿಯುವುದಂತೂ ಕೂಡದು, ಆಗ ಬ್ರೇಕಿಗೂ ಪವರ್ ಸ್ಟಿಯರಿಂಗಿಗೂ ಸಿಗುವ ನೆರವು ಇಲ್ಲವಾಗುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಗೇರು ಇಳಿಸಿಕೊಂಡು, ಕೆಳಗೆ ಮುಟ್ಟುವವರೆಗೆ ಗೇರಿನಲ್ಲೇ ಇರುವಂತೆ ನಿಮ್ಮ ಚಾಲಕನಿಗೆ ಇಂದೇ ಹೇಳಿ.