ವೀಣೆ ಕೇಳುವುದಕ್ಕೆ ಯಾವ ಹೆಡ್‌ಫೋನ್?

ನಮಸ್ಕಾರ. ಮೈಸೂರಿನ ಸರಸ್ವತಿಪುರಂನ ಮನೆಯಲ್ಲಿ, ರಾತ್ರಿ ಮಹಡಿಯ ಕೋಣೆಯಲ್ಲಿ ಒಬ್ಬರೇ ಕುಳಿತು ವೀಣೆ, ಪಿಟೀಲು ಕಚೇರಿಗಳನ್ನು ಗಮನವಿಟ್ಟು ಕೇಳುವುದಕ್ಕೆ ಬ್ಲೂಟೂತ್ ಹೆಡ್‌ಫೋನ್ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ತಂತಿಯದನ್ನೇ ಕೊಳ್ಳಿ. ಕುಳಿತಲ್ಲೇ ಕೇಳುವವರು ಬ್ಯಾಟರಿಗೂ ಗದ್ದಲ ತಡೆಯುವ ಸೌಲಭ್ಯಕ್ಕೂ ಏಕೆ ಹಣ ಸುರಿಯಬೇಕು?

ನಿಮ್ಮ ಕೋಣೆ ಶಾಂತವಾಗಿರುವುದರಿಂದ ‘ಓಪನ್ ಬ್ಯಾಕ್’ ಬಗೆಯದೇ ಸರಿ. ಅದರ ಹೊರಬದಿ ಜಾಲರಿಯಂತಿರುತ್ತದೆ. ಧ್ವನಿ ಒಳಗೇ ಸಿಕ್ಕಿಕೊಂಡು ಗುಂಯ್‌ಗುಡುವುದಿಲ್ಲ. ಆದರೆ ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಅವರಿಗೂ ಕೇಳಿಸುತ್ತದೆ. ಈ ಬಗೆಯಲ್ಲಿ ಸೆನ್‌ಹೈಸರ್ ಎಚ್‌ಡಿ 600 ನನಗೆ ಬಹಳ ಪ್ರಿಯ. ಆದರೆ ಅದು 300 ಓಮ್‌ನದು (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಮೊಬೈಲ್‌ಗೆ ನೇರವಾಗಿ ಸಿಕ್ಕಿಸಿದರೆ ದನಿ ಸೊರಗುತ್ತದೆ, ಪುಟ್ಟ ಆಂಪ್ಲಿಫೈಯರ್ ಬೇಕಾಗುತ್ತದೆ. ಆ ಖರ್ಚು ಬೇಡವೆಂದರೆ 32 ಓಮ್ ಆಸುಪಾಸಿನದನ್ನು ನೋಡಿ.

ಅಂಗಡಿಯವರು ಹಾಕುವ ಅಬ್ಬರದ ಹಾಡಿನಿಂದ ಏನನ್ನೂ ತೀರ್ಮಾನಿಸಬೇಡಿ. ನಿಮಗೆ ಬಾಯಿಪಾಠವಾಗಿರುವ ಒಂದು ಆಲಾಪನೆಯನ್ನು ಕೊಂಡೊಯ್ಯಿರಿ. ಮೈಸೂರಿನ ಹೆಸರಾಂತ ವೈಣಿಕ ದೊರೆಸ್ವಾಮಿ ಅಯ್ಯಂಗಾರರ ವೀಣೆಯಾದರೆ ಇನ್ನೂ ಒಳ್ಳೆಯದು. ನಮ್ಮ ಮೈಸೂರು ಬಾನಿಯ (ನುಡಿಸುವ ಶೈಲಿಯ) ಬಿಡಿಬಿಡಿಯಾದ ಮೀಟು ಹೆಡ್‌ಫೋನಿನ ಯೋಗ್ಯತೆಯನ್ನು ಬೇಗ ತೋರಿಸಿಬಿಡುತ್ತದೆ. ಮೀಟಿದ ಮೇಲೆ ನಾದ ಕರಗುತ್ತಾ ಹೋಗುವುದು ಕೊನೆಯವರೆಗೂ ಕೇಳುತ್ತದೆಯೇ? ತಂಬೂರದ ಶ್ರುತಿ ಹಿಂದೆ ಪ್ರತ್ಯೇಕವಾಗಿ ನಿಲ್ಲುತ್ತದೆಯೇ? ಮೃದಂಗದ ಎಡಬದಿಯ ಗುಮುಕಿ, ಅಂದರೆ ಆ ತಗ್ಗಿನ ತುಂಬು ನಾದ, ವೀಣೆಯನ್ನು ನುಂಗುತ್ತಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಕನ್ನಡಕ ಹಾಕುವವರಾದರೆ ಹಾಕಿಕೊಂಡೇ ಇಪ್ಪತ್ತು ನಿಮಿಷ ಕೇಳಿ. ಕಿವಿ ಒತ್ತಿದರೆ ಎರಡನೆಯ ಕೀರ್ತನೆಯ ಹೊತ್ತಿಗೆ ಮನಸ್ಸು ರಾಗದಲ್ಲಿರುವುದಿಲ್ಲ.